ಗಿಳಿಯ ಮಾತು, ಗಿಳಿಯ ಹಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಾಕುಪಕ್ಷಿಗಳ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಗಿಳಿಗಳಿಗೆ ಸಂಬಂಧಿಸಿದವೇ ಆಗಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಡಲಾಗಿದೆ. ಪತ್ರಗಳನ್ನು ಸಂಕ್ಷೇಪಿಸಿ, ಓದುಗರ ಹೆಸರುಗಳನ್ನು ಬಿಟ್ಟು ಪ್ರಕಟಿಸಲಾಗಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಆರು ವರ್ಷದ ಆಫ್ರಿಕನ್ ಗ್ರೇ ಗಿಳಿಯಿದೆ. ಬೆಳಕು ಹರಿದ ಕೂಡಲೇ ಅದರ ಮಾತು ಆರಂಭವಾಗುತ್ತದೆ. ಮೊಬೈಲಿನ ರಿಂಗ್‌ಟೋನ್, ಬಾಗಿಲಿನ ಕರೆಗಂಟೆ ಎಲ್ಲವನ್ನೂ ಅನುಕರಿಸುತ್ತದೆ. ನನ್ನದೇ ದನಿಯಲ್ಲಿ ಮಗಳನ್ನು ಕೂಗಿ ಕರೆಯುತ್ತದೆ. ಅಷ್ಟೇ ಆಗಿದ್ದರೆ ಸಂತೋಷಪಡಬಹುದಿತ್ತು. ಆದರೆ ನಾವು ಕೋಣೆಯಿಂದ ಆಚೆ ಹೋದೊಡನೆ ಕಿವಿ ಗಡಚಿಕ್ಕುವಂತೆ ಕಿರುಚತೊಡಗುತ್ತದೆ. ಗದರಿಸಿದರೆ ಇನ್ನೂ ಜೋರಾಗುತ್ತದೆ. ಪಂಜರಕ್ಕೆ ಬಟ್ಟೆ ಹೊದಿಸಿಯೂ ನೋಡಿದ್ದೇವೆ. ಈ ಹಟ ಬಿಡಿಸುವುದು ಹೇಗೆ? ಅದು ಆಡುವ ಮಾತು ಅದಕ್ಕೆ ಅರ್ಥವಾಗುತ್ತದೆಯೇ? (ಒಬ್ಬ ಗೃಹಿಣಿ)

ಉತ್ತರ: ಮೊದಲು ಆ ಕಿರುಚಾಟ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಗಿಳಿಗಳು ಹಿಂಡಿನಲ್ಲಿ ಬದುಕುವ ಹಕ್ಕಿಗಳು. ದಟ್ಟ ಎಲೆಗಳ ನಡುವೆ ಒಂದಕ್ಕೊಂದು ಕಾಣಿಸದೆ ಹೋದಾಗ ಅವು ಕೂಗಿ, ಮರುಕೂಗು ಕೇಳಿಸಿಕೊಂಡು, ಜೊತೆಯ ಹಕ್ಕಿ ಅಲ್ಲೇ ಇದೆಯೆಂದು ಖಚಿತಪಡಿಸಿಕೊಳ್ಳುತ್ತವೆ. ವೆನೆಜುವೆಲಾದಲ್ಲಿ ಪ್ಯಾರಟ್‌ಲೆಟ್ ಎಂಬ ಪುಟ್ಟ ಗಿಳಿಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು, ಗೂಡಿನಲ್ಲಿರುವ ಪ್ರತಿಯೊಂದು ಮರಿಗೂ ತನ್ನದೇ ಆದ ಗುರುತಿನ ಕೂಗು ಇರುತ್ತದೆಂದೂ ಮರಿಗಳು ಆ ಕೂಗನ್ನು ತಂದೆತಾಯಿಗಳಿಂದಲೇ ಕಲಿಯುತ್ತವೆಂದೂ ಕಂಡುಕೊಂಡಿದ್ದಾರೆ. ಕೋಸ್ಟರಿಕಾದ ಹಳದಿ ಕತ್ತಿನ ಅಮೆಜಾನ್ ಗಿಳಿಗಳ ಕೂಗು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಹೀಗೆ ಕೂಗಿನ ಮೂಲಕವೇ ತನ್ನವರನ್ನು ಗುರುತಿಸಿ ಬದುಕುವ ಜೀವಕ್ಕೆ ನಿಮ್ಮ ಮನೆಯಲ್ಲಿ ಇರುವ ಹಿಂಡು ಎಂದರೆ ನೀವೇ. ನೀವು ಪಕ್ಕದ ಕೋಣೆಗೆ ಹೋದದ್ದು ಅದರ ಪಾಲಿಗೆ ಹಿಂಡಿನ ಸದಸ್ಯ ಕಣ್ಮರೆಯಾದಂತೆ. ಅದು ಮೊದಲು ಮೆಲ್ಲನೆಯೇ ಕರೆದಿರುತ್ತದೆ. ಯಾರೂ ಓಗೊಡದೆ ಹೋದಾಗ ದನಿ ಏರಿಸಿರುತ್ತದೆ.

ಇಲ್ಲಿಂದ ಮುಂದೆ ಆದದ್ದಕ್ಕೆ ಮನೆಯವರೇ ಕಾರಣರು ಎಂದರೆ ನೀವು ಬೇಸರಿಸಬಾರದು. ಮೆಲ್ಲನೆ ಕರೆದಾಗ ಬಾರದ ಜನ, ಕಿರುಚಿದಾಗ ಓಡಿ ಬಂದರು. ಬಂದವರು ಗದರಿದರು, ಕೈ ಬೀಸಿದರು, ಬಟ್ಟೆ ತಂದರು. ಇವೆಲ್ಲ ನಿಮ್ಮ ಲೆಕ್ಕದಲ್ಲಿ ಶಿಕ್ಷೆಗಳಾಗಿರಬಹುದು, ಆದರೆ ಒಂಟಿಯಾಗಿ ಕುಳಿತಿದ್ದ ಹಕ್ಕಿಯ ಲೆಕ್ಕದಲ್ಲಿ ಅವು ಉತ್ತರಗಳು. ಗಟ್ಟಿದನಿಯ ಬೈಗುಳವಂತೂ ಗಿಳಿಗೆ ಬಲು ಪ್ರಿಯ, ಏಕೆಂದರೆ ಹಿಂಡಿನಲ್ಲಿ ಕೂಗಿಗೆ ಕೂಗೇ ಪ್ರತ್ಯುತ್ತರ. ನೀವು ಹಟವೆಂದು ಕರೆಯುತ್ತಿರುವುದು ಬಹುಪಾಲು ಹೀಗೆ ಕಲಿತ ಪಾಠವಾದ್ದರಿಂದ, ಅದನ್ನು ಮರೆಸುವ ದಾರಿಯೂ ನಿಮ್ಮ ಪ್ರತಿಕ್ರಿಯೆಯಲ್ಲೇ ಇದೆ.

ಮೊದಲಿಗೆ, ನಿಮಗೆ ಸಹಿಸಲು ಸಾಧ್ಯವಾಗುವ ಒಂದು ಸದ್ದನ್ನು ಆರಿಸಿಕೊಳ್ಳಿ. ಅದು ಒಂದು ಸಿಳ್ಳೆಯಿರಬಹುದು, ಗಿಳಿಗೆ ಈಗಾಗಲೇ ಬರುವ ಒಂದು ಪದವಿರಬಹುದು. ಕೋಣೆಯಿಂದ ಹೊರಡುವಾಗ ಆ ಸದ್ದು ಮಾಡಿ ಹೋಗಿ. ಒಳಗಿನಿಂದಲೂ ಆಗಾಗ, ಅದು ಕಿರುಚುವ ಮೊದಲೇ, ಅದನ್ನೇ ಕೇಳಿಸಿ. ಗಿಳಿ ಆ ಸದ್ದಿನಿಂದ ಕರೆದಾಗಲೆಲ್ಲ ತಪ್ಪದೆ ಓಗೊಡಿ, ಸಾಧ್ಯವಾದಾಗ ಬಂದು ಮುಖ ತೋರಿಸಿ. ಕಿರುಚಿದಾಗ ಮಾತ್ರ ಯಾರೂ ಬರಬಾರದು, ನೋಡಬಾರದು, ಮಾತನಾಡಬಾರದು. ಅದು ಸುಮ್ಮನಾದ ಕೆಲವು ಕ್ಷಣಗಳ ಬಳಿಕ ಸಹಜವಾಗಿ ಒಳಬಂದು ಮಾತನಾಡಿಸಿದರೆ ಸಾಕು.

ಈ ಕ್ರಮವನ್ನು ಆರಂಭಿಸಿದ ಮೊದಲ ದಿನಗಳಲ್ಲಿ ಕಿರುಚಾಟ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಇದುವರೆಗೆ ಫಲ ಕೊಟ್ಟ ಉಪಾಯ ಇದ್ದಕ್ಕಿದ್ದಂತೆ ನಡೆಯದೆ ಹೋದಾಗ ಯಾವ ಪ್ರಾಣಿಯೂ ಅದನ್ನೇ ಇನ್ನಷ್ಟು ಜೋರಾಗಿ ಪ್ರಯೋಗಿಸಿ ನೋಡುತ್ತದೆ. ಹೆಚ್ಚಿನ ಮನೆಗಳು ಸೋಲುವುದು ಈ ಹಂತದಲ್ಲೇ: ಹತ್ತು ಸಲ ಗಟ್ಟಿಯಾಗಿ ನಿಂತವರು ಹನ್ನೊಂದನೆಯ ಸಲ ತಲೆನೋವು ತಾಳಲಾರದೆ ಎದ್ದು ಬಂದುಬಿಡುತ್ತಾರೆ. ಒಮ್ಮೊಮ್ಮೆ ಮಾತ್ರ ಸಿಗುವ ಪ್ರತಿಫಲ, ಪ್ರತಿ ಸಲವೂ ಸಿಗುವ ಪ್ರತಿಫಲಕ್ಕಿಂತ ಅಭ್ಯಾಸವನ್ನು ಬಲವಾಗಿ ಬೇರೂರಿಸುತ್ತದೆ. ಹನ್ನೊಂದು ಸಲ ಕಿರುಚಿದರೆ ಕೆಲಸವಾಗುತ್ತದೆಂದು ಗಿಳಿ ಕಲಿತರೆ ಮೊದಲಿಗಿಂತ ಕಷ್ಟ. ಆದ್ದರಿಂದ ಮನೆಯವರೆಲ್ಲರೂ ಒಮ್ಮತಕ್ಕೆ ಬರುವವರೆಗೆ ಆರಂಭಿಸದಿರುವುದೇ ಒಳ್ಳೆಯದು. ಗಿಳಿಯನ್ನು ತಿದ್ದುವುದಕ್ಕಿಂತ ಮನೆಯ ಹಿರಿಯರನ್ನು ಒಪ್ಪಿಸುವುದೇ ಹೆಚ್ಚು ಶ್ರಮದ ಕೆಲಸವೆಂದು ಅನೇಕ ಓದುಗರು ಬರೆದಿದ್ದಾರೆ.

ಮುಂಜಾನೆ ಮತ್ತು ಸಂಜೆ ಗಿಳಿಗಳು ಗದ್ದಲ ಮಾಡುವುದು ಅವುಗಳ ಸ್ವಭಾವ. ಅದನ್ನು ಪೂರ್ತಿಯಾಗಿ ನಿಲ್ಲಿಸುವ ವಿಧಾನ ಯಾವುದೂ ಇಲ್ಲ, ಇರಲೂಬಾರದು. ಆ ಹೊತ್ತಿನಲ್ಲಿ ಅದರೊಂದಿಗೆ ಮಾತನಾಡಿ, ಹಾಡಿ, ಅದಕ್ಕೆ ಮೆಲ್ಲಲು ಏನಾದರೂ ಕೊಡಿ. ಬಟ್ಟೆಯನ್ನು ಹಗಲಿನಲ್ಲಿ ಶಿಕ್ಷೆಯಾಗಿ ಬಳಸದೆ ರಾತ್ರಿಯ ನಿದ್ದೆಗೆ ಮಾತ್ರ ಬಳಸುವುದು ಸರಿ. ಗಿಳಿಗೆ ದಿನಕ್ಕೆ 10ರಿಂದ 12 ಗಂಟೆಗಳ ಕತ್ತಲೆ ಮತ್ತು ಸದ್ದಿಲ್ಲದ ನಿದ್ದೆ ಬೇಕು. ತಡರಾತ್ರಿಯವರೆಗೆ ಟಿವಿ ಉರಿಯುವ ಕೋಣೆಯಲ್ಲಿ ಪಂಜರವಿದ್ದರೆ ಹಕ್ಕಿಯ ಸಿಡಿಮಿಡಿಗೆ ಬೇರೆ ಕಾರಣ ಹುಡುಕುವ ಮೊದಲು ಪಂಜರದ ಜಾಗವನ್ನು ಬದಲಿಸಿ ನೋಡಬೇಕು.

ಇನ್ನು ಅರ್ಥದ ಪ್ರಶ್ನೆ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಲ್ಲಿ ಸಾಕುಪ್ರಾಣಿಗಳ ಅಂಗಡಿಯೊಂದರಿಂದ ತಂದ ಆಫ್ರಿಕನ್ ಗ್ರೇ ಗಿಳಿ ಅಲೆಕ್ಸ್, 2007ರಲ್ಲಿ ಸಾಯುವವರೆಗೆ, ಸುಮಾರು 50 ವಸ್ತುಗಳ ಹೆಸರು, ಏಳು ಬಣ್ಣಗಳು ಮತ್ತು ಐದು ಆಕಾರಗಳನ್ನು ಹೇಳಲು ಕಲಿತಿತ್ತು. ಆರರವರೆಗಿನ ಸಂಖ್ಯೆಗಳನ್ನು ಗುರುತಿಸುತ್ತಿತ್ತು. ಎರಡು ವಸ್ತುಗಳನ್ನು ಮುಂದಿಟ್ಟು ಅವುಗಳಲ್ಲಿ ಏನು ಭಿನ್ನ ಎಂದು ಕೇಳಿದರೆ ಬಣ್ಣವೋ ಆಕಾರವೋ ಎಂದು ಉತ್ತರಿಸುತ್ತಿತ್ತು. ಭಿನ್ನತೆಯೇ ಇಲ್ಲದಿದ್ದರೆ ಏನೂ ಇಲ್ಲ ಎನ್ನುತ್ತಿತ್ತು. ನಿಮಗೆ ಸಮಾಧಾನ ತರಬಹುದಾದ ಸಂಗತಿಯೆಂದರೆ, ಆ ಗಿಳಿಯೂ ಬೇಸರವಾದಾಗ ಬೇಕೆಂದೇ ತಪ್ಪು ಉತ್ತರಗಳನ್ನು ಕೊಟ್ಟು, ತನ್ನನ್ನು ಜಾಗಕ್ಕೆ ಮರಳಿ ಬಿಡಬೇಕೆಂದು ಹೇಳುತ್ತಿತ್ತು. ಹಾಗೆಂದು ಪ್ರತಿಯೊಂದು ಸಾಕುಗಿಳಿಯೂ ತಾನಾಡುವ ಪ್ರತಿ ಮಾತನ್ನೂ ಅರಿತು ಆಡುತ್ತದೆಂದು ಭಾವಿಸಬೇಕಾಗಿಲ್ಲ. ಯಾವ ಸದ್ದಿಗೆ ಯಾರು ತಿರುಗಿ ನೋಡುತ್ತಾರೆ ಎಂಬುದು ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತು. ನಿಮ್ಮ ದನಿಯಲ್ಲಿ ಕರೆದರೆ ಮಗಳು ಎದ್ದು ಬರುತ್ತಾಳೆ ಎಂಬುದನ್ನು ಅದು ಕಂಡುಕೊಂಡಿದೆ. ಮಗಳು ಬರುವವರೆಗೂ ಆ ಕರೆ ನಿಲ್ಲುವುದಿಲ್ಲ.

ಪ್ರಶ್ನೆ: ಗಿಳಿಗೆ ಊಟ ಕೊಡುವುದು, ಪಂಜರ ತೊಳೆಯುವುದು ಎಲ್ಲ ನನ್ನ ಕೆಲಸ. ಆದರೂ ಅದು ನನ್ನ ಪತಿಯ ಹೆಗಲನ್ನು ಬಿಟ್ಟು ಇಳಿಯುವುದಿಲ್ಲ. ನಾನು ಹತ್ತಿರ ಹೋದರೆ ರಕ್ತ ಬರುವಂತೆ ಕಚ್ಚುತ್ತದೆ. ಎರಡು ವರ್ಷಗಳ ಹಿಂದೆ ಹೀಗಿರಲಿಲ್ಲ. (ಒಬ್ಬ ಓದುಗರು)

ಉತ್ತರ: ಅನ್ನ ಹಾಕಿದವರ ಋಣ ಗಿಳಿಗೆ ಇರುವುದಿಲ್ಲವೇ ಎಂಬ ನಿಮ್ಮ ನೋವು ಸಹಜವಾದುದು. ಆದರೆ ದೊಡ್ಡ ಜಾತಿಯ ಗಿಳಿಗಳು ಪ್ರಾಯಕ್ಕೆ ಬಂದಾಗ ಜೋಡಿಯನ್ನು ಹುಡುಕುತ್ತವೆ. ಜೊತೆಗೆ ಬೇರೆ ಗಿಳಿ ಇಲ್ಲದಿದ್ದರೆ ಮನೆಯವರಲ್ಲೇ ಒಬ್ಬರನ್ನು ಆರಿಸಿಕೊಂಡು, ಆ ಜೋಡಿಯ ಬಳಿ ಬರುವ ಇತರರನ್ನು ಅಟ್ಟಲು ಯತ್ನಿಸುತ್ತವೆ. ಮರಿಯಾಗಿದ್ದಾಗ ಎಲ್ಲರ ಕೈಗೂ ಬರುತ್ತಿದ್ದ ಹಕ್ಕಿ ಬದಲಾಗಲು ಇದು ಸಾಮಾನ್ಯ ಕಾರಣ.

ಇದರಲ್ಲಿ ನಿಮ್ಮ ಪತಿಯವರು ಮಾಡಬೇಕಾದ ಕೆಲಸವೇ ಹೆಚ್ಚು. ಗಿಳಿಯ ಬೆನ್ನು, ರೆಕ್ಕೆಯ ಕೆಳಭಾಗ ಮತ್ತು ಬಾಲದ ಬುಡವನ್ನು ಸವರುವುದನ್ನು ಅವರು ನಿಲ್ಲಿಸಬೇಕು, ಏಕೆಂದರೆ ಅಂಥ ಸ್ಪರ್ಶ ಹಕ್ಕಿಗೆ ಸಂತಾನದ ಕಾಲದ ಪ್ರಚೋದನೆಯಾಗುತ್ತದೆ. ತಲೆ ಮತ್ತು ಕತ್ತಿನ ಭಾಗವನ್ನು ಮಾತ್ರ ಕೆರೆದರೆ ಸಾಕು. ಗೂಡಿನಂತೆ ತೋರುವ ಡಬ್ಬಿ, ಕಪಾಟಿನ ಮೂಲೆ, ಹೊದಿಕೆಯ ಅಡಿಯ ಕತ್ತಲೆ ಇವು ಅದಕ್ಕೆ ಸಿಗಬಾರದು. ಅದು ತಿಂದದ್ದನ್ನು ಕಕ್ಕಿ ಅವರಿಗೆ ಉಣಿಸಲು ಬಂದರೆ ನಗುತ್ತಾ ಪ್ರೋತ್ಸಾಹಿಸದೆ, ಮೆಲ್ಲನೆ ಕೆಳಗಿಳಿಸಿ ಆಚೆ ಹೋಗುವುದು ಒಳಿತು. ಹೆಗಲಿನ ಸವಾರಿಯನ್ನು ಸದ್ಯಕ್ಕೆ ನಿಲ್ಲಿಸಿ. ಹೆಗಲ ಮೇಲಿನ ಹಕ್ಕಿಯ ಮುಖ ಕಾಣುವುದಿಲ್ಲ, ಕೊಕ್ಕು ಮಾತ್ರ ಕಣ್ಣಿನ ಹತ್ತಿರವಿರುತ್ತದೆ.

ನಿಮ್ಮ ಪಾಲಿನ ಕೆಲಸವೆಂದರೆ ಹಕ್ಕಿಯ ಮುನ್ಸೂಚನೆಯನ್ನು ಓದಲು ಕಲಿಯುವುದು. ಗಿಳಿ ಹೇಳದೆ ಕಚ್ಚುವುದು ಅಪರೂಪ. ಕಣ್ಣಿನ ಪಾಪೆ ಕಿರಿದಾಗುತ್ತಾ ಹಿಗ್ಗುತ್ತಾ ಮಿನುಗುವುದು, ಬಾಲದ ಗರಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವುದು, ಕತ್ತಿನ ಹಿಂಭಾಗದ ಪುಕ್ಕ ನಿಮಿರುವುದು, ಮೈ ಬಿಗಿದು ಕೊಕ್ಕು ಮುಂದೆ ಚಾಚುವುದು, ಇವುಗಳಲ್ಲಿ ಯಾವುದನ್ನು ಕಂಡರೂ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಹೀಗೆ ಹಿಂಜರಿದರೆ ಹಕ್ಕಿ ಗೆದ್ದಂತಾಗುತ್ತದೆಂದು ಕೆಲವರು ಹೆದರಿಸುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಸಣ್ಣ ಸೂಚನೆಗೆ ಬೆಲೆ ಸಿಗದ ಹಕ್ಕಿಯೇ ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ದಿನಕ್ಕೆ ಕೆಲವು ನಿಮಿಷ, ನಿಮ್ಮ ಪತಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಅದಕ್ಕೆ ಅತ್ಯಂತ ಇಷ್ಟವಾದ ಬೀಜವನ್ನು ನೀವು ಮಾತ್ರ ಕೊಡಿ. ಮೊದಲು ಪಂಜರದ ಕಂಬಿಯ ನಡುವಿನಿಂದ, ಆಮೇಲೆ ತೆರೆದ ಬಾಗಿಲಿನಿಂದ, ಕೊನೆಗೆ ಕೈಯಲ್ಲಿ ಹಿಡಿದ ಕೋಲಿನ ಮೇಲೆ ಅದು ತಾನಾಗಿ ಕಾಲಿಟ್ಟಾಗ. ಆ ಬೀಜ ಅದಕ್ಕೆ ಬೇರೆ ಯಾರಿಂದಲೂ, ಬೇರೆ ಯಾವ ಹೊತ್ತಿನಲ್ಲೂ ಸಿಗಬಾರದು.

ಕೊಕ್ಕು ತಾಗಿದ್ದೆಲ್ಲ ಕಡಿತವಲ್ಲ ಎಂಬುದನ್ನೂ ನೆನಪಿಡಿ. ಗಿಳಿ ಕೊಕ್ಕನ್ನು ಮೂರನೆಯ ಕಾಲಿನಂತೆ ಬಳಸುತ್ತದೆ. ನಿಮ್ಮ ಬೆರಳಿನ ಮೇಲೆ ಹತ್ತುವ ಮೊದಲು ಅದು ಗಟ್ಟಿಯಾಗಿದೆಯೇ ಎಂದು ಕೊಕ್ಕಿನಿಂದ ಹಿಡಿದು ನೋಡುತ್ತದೆ. ಆ ಗಳಿಗೆಯಲ್ಲಿ ಹೆದರಿ ಕೈ ಎಳೆದುಕೊಂಡರೆ, ಆ ಕೈ ನಂಬಿಕೆಗೆ ಯೋಗ್ಯವಲ್ಲವೆಂದು ಅದು ತೀರ್ಮಾನಿಸಿಬಿಡುತ್ತದೆ.

ಪ್ರಶ್ನೆ: ನಮ್ಮ ಗಿಳಿ ಎಲ್ಲಿಂದಲೋ ಒಂದು ಕೆಟ್ಟ ಬೈಗುಳವನ್ನು ಕಲಿತು, ನೆಂಟರು ಬಂದಾಗ ತಪ್ಪದೆ ಅದನ್ನೇ ಹೇಳುತ್ತದೆ. (ನಿವೃತ್ತ ಶಿಕ್ಷಕರು)

ಉತ್ತರ: ಎಲ್ಲಿಂದಲೋ ಎಂದು ಬರೆದಿದ್ದೀರಿ, ಅದನ್ನು ಹೆಚ್ಚು ಕೆದಕುವುದು ಬೇಡ. ಸಿಟ್ಟು, ನಗು, ಗಾಬರಿ ತುಂಬಿದ ಮಾತನ್ನು ಗಿಳಿ ಬೇಗ ಹಿಡಿಯುತ್ತದೆ. ನೆಂಟರ ಮುಂದೆ ಆ ಪದಕ್ಕೆ ಸಿಗುವ ನಗು ಮತ್ತು ನಿಮ್ಮ ಮುಖದ ಗಾಬರಿ ಎರಡೂ ಅದಕ್ಕೆ ಬಹುಮಾನವೇ. ಯಾರೂ ನಗದೆ, ಗದರದೆ, ಏನೂ ಕೇಳಿಸದವರಂತೆ ಮಾತು ಮುಂದುವರಿಸಬೇಕು. ಅದೇ ಹೊತ್ತಿಗೆ ಆ ಪದದ ಸದ್ದಿಗೆ ಹತ್ತಿರವಿರುವ ಬೇರೊಂದು ಪದವನ್ನು ಉತ್ಸಾಹದಿಂದ ಹೇಳಿಕೊಟ್ಟು, ಅದನ್ನು ಹೇಳಿದಾಗ ಮೆಚ್ಚಬೇಕು. ಕಲಿತದ್ದನ್ನು ಅಳಿಸಲು ಆಗುವುದಿಲ್ಲ, ಆದರೆ ಬಳಕೆ ವಿರಳವಾಗುತ್ತದೆ. ನೆಂಟರಿಗೆ ಮುಂಚಿತವಾಗಿ ತಿಳಿಸಿರುವುದು ಲೇಸು.

ಪ್ರಶ್ನೆ: ನಮ್ಮ ಗಿಳಿಗೆ ಎರಡು ವರ್ಷವಾದರೂ ಒಂದು ಮಾತೂ ಬಂದಿಲ್ಲ. ನಾಲಿಗೆಯ ತುದಿಯನ್ನು ಸ್ವಲ್ಪ ಕತ್ತರಿಸಿದರೆ ಮಾತು ಬರುತ್ತದೆಂದು ಪರಿಚಿತರೊಬ್ಬರು ಹೇಳುತ್ತಾರೆ. (ಕಾಲೇಜು ವಿದ್ಯಾರ್ಥಿನಿ)

ಉತ್ತರ: ದಯವಿಟ್ಟು ಅಂಥ ಕ್ರೌರ್ಯಕ್ಕೆ ಕೈ ಹಾಕಬೇಡಿ. ಹಕ್ಕಿಯ ದನಿ ಹುಟ್ಟುವುದು ನಾಲಿಗೆಯಲ್ಲಿ ಅಲ್ಲ. ಶ್ವಾಸನಾಳವು ಎರಡಾಗಿ ಕವಲೊಡೆಯುವ ಜಾಗದಲ್ಲಿರುವ ಸಿರಿಂಕ್ಸ್ ಎಂಬ ಅಂಗದಲ್ಲಿ. ಗಿಳಿಯ ದಪ್ಪ ನಾಲಿಗೆ ಆ ದನಿಗೆ ರೂಪ ಕೊಡಲು ನೆರವಾಗುವುದರಿಂದ, ಅದನ್ನು ಗಾಯಗೊಳಿಸಿದರೆ ಮಾತಿಗೆ ಕೇಡಾಗುವುದಲ್ಲದೆ ತಿನ್ನುವುದಕ್ಕೂ ಕಷ್ಟವಾಗುತ್ತದೆ.

ಎಲ್ಲ ಗಿಳಿಗಳೂ ಮಾತನಾಡುವುದಿಲ್ಲ. ಆಫ್ರಿಕನ್ ಗ್ರೇ ಮತ್ತು ಕೆಲವು ಅಮೆಜಾನ್ ಗಿಳಿಗಳು ಸ್ಪಷ್ಟವಾಗಿ ಮಾತನಾಡಿದರೆ, ಕಾಕಟೀಲ್‌ಗಳು ಸಾಮಾನ್ಯವಾಗಿ ಸಿಳ್ಳೆಯಲ್ಲೇ ತೃಪ್ತವಾಗಿರುತ್ತವೆ. ಬಜ್ರಿಗರ್‌ಗಳಲ್ಲಿ ಹೆಣ್ಣುಗಳಿಗಿಂತ ಗಂಡುಗಳು ಹೆಚ್ಚು ಮಾತು ಕಲಿಯುತ್ತವೆ. 1,728 ಪದಗಳ ಗಿನ್ನೆಸ್ ದಾಖಲೆ ಪಕ್ ಎಂಬ ಗಂಡು ಬಜ್ರಿಗರ್‌ನದು. ಧ್ವನಿಮುದ್ರಣವನ್ನು ಮತ್ತೆ ಮತ್ತೆ ಹಾಕುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲೆಕ್ಸ್‌ಗೆ ಕಲಿಸಿದ ಕ್ರಮ ಬೇರೆಯಿತ್ತು: ಗಿಳಿಯ ಎದುರಿನಲ್ಲಿ ಒಬ್ಬರು ವಸ್ತುವನ್ನು ತೋರಿಸಿ ಹೆಸರು ಕೇಳುವರು, ಇನ್ನೊಬ್ಬರು ಸರಿಯಾಗಿ ಹೇಳಿ ಆ ವಸ್ತುವನ್ನೇ ಪಡೆಯುವರು, ತಪ್ಪು ಹೇಳಿದರೆ ವಸ್ತು ಮರೆಯಾಗುವುದು. ಇದನ್ನು ನೋಡುತ್ತಾ ಕುಳಿತ ಹಕ್ಕಿಗೆ ತಾನೂ ಸ್ಪರ್ಧೆಗೆ ಇಳಿಯಬೇಕೆನಿಸುತ್ತದೆ. ತಂಗಿಯೋ ಗೆಳತಿಯೋ ಜೊತೆಗಿದ್ದರೆ ನೀವೂ ಪ್ರಯತ್ನಿಸಬಹುದು. ಆಗಲೂ ಅದು ಮಾತನಾಡದಿದ್ದರೆ, ಮಾತನಾಡದ ಗಿಳಿಯೊಂದಿಗೆ ಬಾಳುವುದು ಸುಲಭವೆಂದು ಈ ಅಂಕಣದ ಮೊದಲ ಪತ್ರದ ಲೇಖಕಿ ನಿಮಗೆ ಹೇಳಿಯಾರು.

ಪ್ರಶ್ನೆ: ಮಗ ಓದಲು ಬೇರೆ ಊರಿಗೆ ಹೋದ ಮೇಲೆ ನಮ್ಮ ಕಾಕಟೂ ತನ್ನ ಎದೆಯ ಪುಕ್ಕಗಳನ್ನು ತಾನೇ ಕಿತ್ತುಕೊಳ್ಳುತ್ತಿದೆ. ಮಗನ ನೆನಪಿನಿಂದ ಹೀಗೆ ಮಾಡುತ್ತಿರಬಹುದೇ? (ಒಬ್ಬ ತಾಯಿ)

ಉತ್ತರ: ಇರಬಹುದು, ಆದರೆ ಆ ತೀರ್ಮಾನಕ್ಕೆ ಮೊದಲೇ ಬರಬಾರದು. ಚರ್ಮದ ಸೋಂಕು, ಯಕೃತ್ತಿನ ತೊಂದರೆ, ಕೊಕ್ಕು ಮತ್ತು ಗರಿಗಳಿಗೆ ತಗಲುವ ವೈರಸ್ ರೋಗ, ಪೋಷಕಾಂಶಗಳ ಕೊರತೆ ಇವೆಲ್ಲವೂ ಪುಕ್ಕ ಕೀಳಲು ಕಾರಣವಾಗಬಲ್ಲವು. ಬರೀ ಕಾಳಿನ ಮೇಲೆ ಬದುಕುವ ಗಿಳಿಗಳಲ್ಲಿ ಎ ಜೀವಸತ್ವದ ಕೊರತೆ ಸಾಮಾನ್ಯ. ಸೂರ್ಯಕಾಂತಿ ಬೀಜ ಅವುಗಳಿಗೆ ಎಷ್ಟು ಪ್ರಿಯವೋ ಅಷ್ಟೇ ಅಪೂರ್ಣ ಆಹಾರ. ಹಕ್ಕಿಗಳ ಚಿಕಿತ್ಸೆಯಲ್ಲಿ ಪರಿಣತಿಯುಳ್ಳ ಪಶುವೈದ್ಯರಿಗೆ ತಡಮಾಡದೆ ತೋರಿಸಿ. ಪುಕ್ಕ ಕಿತ್ತು ಚರ್ಮವನ್ನೂ ಗಾಯಗೊಳಿಸಿಕೊಳ್ಳುತ್ತಿದ್ದರೆ ಅದೇ ದಿನ ಕರೆದೊಯ್ಯಬೇಕು.

ದೇಹದಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳಿದರೆ ಅದರ ದಿನಚರಿಯನ್ನು ಗಮನಿಸಿ. ಕಾಡಿನ ಗಿಳಿ ದಿನದ ಹಲವು ಗಂಟೆಗಳನ್ನು ಆಹಾರ ಹುಡುಕುವುದರಲ್ಲಿ, ಕಾಯಿ ಒಡೆಯುವುದರಲ್ಲಿ, ತೊಗಟೆ ಸೀಳುವುದರಲ್ಲಿ ಕಳೆಯುತ್ತದೆ. ಮನೆಯ ಗಿಳಿಯ ಮುಂದೆ ಬಟ್ಟಲು ತುಂಬಿಟ್ಟರೆ ಅದರ ಇಡೀ ದಿನದ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ, ಉಳಿದ ಹೊತ್ತಿಗೆ ಕೊಕ್ಕಿಗೆ ಸಿಗುವುದು ತನ್ನ ಪುಕ್ಕವೇ. ನಿಮ್ಮ ಮಗ ಅದರೊಂದಿಗೆ ಆಡುತ್ತಿದ್ದ ಹೊತ್ತು ಈಗ ಖಾಲಿಯಾಗಿದೆ. ಆಹಾರವನ್ನು ಕಾಗದದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಅಡಗಿಸಿ, ಮೃದು ಮರದ ತುಂಡುಗಳ ನಡುವೆ ತುರುಕಿ, ದುಡಿದು ತಿನ್ನುವಂತೆ ಮಾಡಿ. ರಟ್ಟನ್ನು ಚಿಂದಿ ಮಾಡಿ ನೆಲದ ತುಂಬ ಚೆಲ್ಲಿದರೆ ಬೇಸರಿಸದೆ ಗುಡಿಸಿ, ಮತ್ತೊಂದು ಕೊಡಿ. ಮೈಮೇಲೆ ಹನಿಹನಿಯಾಗಿ ನೀರು ಚಿಮುಕಿಸುವುದೂ ಹಿತ. ಮಗನೊಂದಿಗೆ ವಿಡಿಯೊ ಕರೆಯಲ್ಲಿ ಮಾತನಾಡಿಸಿ ನೋಡಿ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಂಟೆ ಬಾರಿಸಿ ಬೇರೆ ಮನೆಗಳ ಗಿಳಿಗಳಿಗೆ ವಿಡಿಯೊ ಕರೆ ಮಾಡಲು ಕಲಿತ 18 ಸಾಕುಗಿಳಿಗಳಲ್ಲಿ ಅನೇಕವು ತಮಗೆ ಬೇಕಾದ ಗೆಳೆಯರನ್ನು ಆರಿಸಿಕೊಂಡು ಮತ್ತೆ ಮತ್ತೆ ಕರೆದವು. ಅದು ಭಯಪಟ್ಟರೆ ಅಥವಾ ಮುಖ ತಿರುಗಿಸಿದರೆ ಕರೆಯನ್ನು ಕೂಡಲೇ ನಿಲ್ಲಿಸಿ.

ಪ್ರಶ್ನೆ: ಗಿಳಿಯನ್ನು ದಿನವೂ ಮನೆಯೊಳಗೆ ಹಾರಲು ಬಿಡುತ್ತೇವೆ. ಏನೇನು ಎಚ್ಚರ ವಹಿಸಬೇಕು? ರೆಕ್ಕೆಯ ಗರಿ ಕತ್ತರಿಸುವುದು ಒಳ್ಳೆಯದೇ? (ಒಬ್ಬ ಓದುಗರು)

ಉತ್ತರ: ಅಡುಗೆಮನೆಗೆ ಬಿಡಲೇಬೇಡಿ. ಬಿಸಿ ಎಣ್ಣೆ, ಉರಿಯುವ ಒಲೆಗಳ ಮಾತು ಹಾಗಿರಲಿ, ಟೆಫ್ಲಾನ್ ಲೇಪದ ನಾನ್‌ಸ್ಟಿಕ್ ಪಾತ್ರೆ ಒಲೆಯ ಮೇಲೆ ಅತಿಯಾಗಿ ಕಾದರೆ ಅದರಿಂದ ಹೊರಡುವ ಹೊಗೆ ನಿಮಗೆ ಗೊತ್ತೇ ಆಗದಿರಬಹುದು, ಆದರೆ ಹಕ್ಕಿಗೆ ನಿಮಿಷಗಳಲ್ಲಿ ಪ್ರಾಣಾಂತಕವಾಗಬಲ್ಲದು. ಹಕ್ಕಿಗಳ ಶ್ವಾಸಕೋಶ ಮತ್ತು ಗಾಳಿಚೀಲಗಳ ವ್ಯವಸ್ಥೆ ಗಾಳಿಯನ್ನು ನಮ್ಮ ಶ್ವಾಸಕೋಶಗಳಿಗಿಂತ ದಕ್ಷವಾಗಿ ಹೀರುವುದರಿಂದ ವಿಷವೂ ಅಷ್ಟೇ ದಕ್ಷವಾಗಿ ಒಳಸೇರುತ್ತದೆ. ಗಿಳಿಯಿರುವ ಮನೆಯಲ್ಲಿ ಅಂಥ ಪಾತ್ರೆಗಳನ್ನು ಬಳಸದಿರುವುದೇ ನನ್ನ ಸಲಹೆ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಮದ್ಯ, ಹೆಚ್ಚು ಉಪ್ಪಿನ ತಿನಿಸು ಇವು ಅದರ ಕೊಕ್ಕಿಗೆ ಸಿಗಬಾರದು. ಹಾರಲು ಬಿಡುವಾಗ ಫ್ಯಾನು ನಿಂತಿರಲಿ, ಕಿಟಕಿ ಮುಚ್ಚಿರಲಿ, ಕನ್ನಡಿಗೂ ಗಾಜಿಗೂ ಪರದೆ ಇರಲಿ, ನೀರು ತುಂಬಿದ ಬಕೆಟ್ಟಿಗೆ ಮುಚ್ಚಳವಿರಲಿ.

ಗರಿ ಕತ್ತರಿಸುವ ವಿಚಾರದಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಹಾರಾಟವೇ ಹಕ್ಕಿಯ ವ್ಯಾಯಾಮವೂ ಧೈರ್ಯವೂ ಆಗಿರುವುದರಿಂದ ನಾನು ಕತ್ತರಿಸದಿರುವ ಪಕ್ಷದವನು. ಕತ್ತರಿಸಿದ ಮಾತ್ರಕ್ಕೆ ಅದು ಹಾರಿಹೋಗುವುದಿಲ್ಲವೆಂದು ನಂಬಿ ತೆರೆದ ಬಾಲ್ಕನಿಗೆ ಕರೆದೊಯ್ದವರು ಗಾಳಿ ಬೀಸಿದಾಗ ಹಕ್ಕಿಯನ್ನು ಕಳೆದುಕೊಂಡದ್ದುಂಟು.

ಪ್ರಶ್ನೆ: ನನಗೆ ಈಗ 63 ವರ್ಷ. ಪತ್ನಿ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬನೇ ಇದ್ದೇನೆ. ಮಾತನಾಡುವ ಗಿಳಿಯೊಂದನ್ನು ತರಬೇಕೆಂದಿದ್ದೇನೆ. (ಒಬ್ಬ ಹಿರಿಯ ಓದುಗರು)

ಉತ್ತರ: ನಿಮಗೆ ಜೊತೆ ಬೇಕೆಂಬುದು ನ್ಯಾಯವಾದ ಆಸೆ, ಮತ್ತು ದಿನವಿಡೀ ಮನೆಯಲ್ಲಿರುವವರ ಸಹವಾಸ ಗಿಳಿಗೂ ಹಿತವೇ. ಆಯುಸ್ಸಿನ ಲೆಕ್ಕವನ್ನು ಮಾತ್ರ ಮೊದಲು ಹಾಕಿ. ಚೆನ್ನಾಗಿ ಸಾಕಿದ ಆಫ್ರಿಕನ್ ಗ್ರೇ 40ರಿಂದ 60 ವರ್ಷ ಬದುಕಬಲ್ಲದು. ಅಮೆರಿಕದ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿದ್ದ ಕುಕಿ ಎಂಬ ಕಾಕಟೂ 2016ರಲ್ಲಿ ಸತ್ತಾಗ ಅದಕ್ಕೆ 83 ವರ್ಷವಾಗಿತ್ತು. ನೀವು ಮರಿಯನ್ನು ತಂದರೆ ನಿಮ್ಮ ನಂತರ ಅದನ್ನು ಯಾರು ನೋಡಿಕೊಳ್ಳುತ್ತಾರೆಂಬುದನ್ನು ಇಂದೇ ಕೇಳಿ, ಒಪ್ಪಿಸಿ, ಬರೆದಿಡಬೇಕಾಗುತ್ತದೆ. ಕಾಕಟೀಲ್ 15ರಿಂದ 20 ವರ್ಷ, ಬಜ್ರಿಗರ್ 5ರಿಂದ 10 ವರ್ಷ ಬದುಕುತ್ತವೆ. ನಿಮ್ಮ ಪರಿಸ್ಥಿತಿಗೆ ಇವು ಹೆಚ್ಚು ಹೊಂದಿಕೆಯಾಗುತ್ತವೆ. ದೊಡ್ಡ ಗಿಳಿಯೇ ಬೇಕೆಂದಾದರೆ, ಯಜಮಾನರು ಸಾಕಲಾಗದೆ ಬಿಟ್ಟುಕೊಟ್ಟ ವಯಸ್ಸಾದ ಹಕ್ಕಿಯನ್ನು ವಿಚಾರಿಸಿ. ಅದು ಹಳೆಯ ಮನೆಯ ಮಾತುಗಳನ್ನೇ ಕೆಲವು ಕಾಲ ಆಡುತ್ತಿರುತ್ತದೆ, ನಿಮ್ಮನ್ನು ಬೇರೆಯವರ ಹೆಸರಿನಿಂದ ಕರೆಯಲೂಬಹುದು.

ಕಾನೂನನ್ನೂ ವಿಚಾರಿಸಿಕೊಳ್ಳಿ. ಕಾಡಿನಿಂದ ಹಿಡಿದು ಮಾರುವ ದಂಧೆಯಿಂದ ಆಫ್ರಿಕನ್ ಗ್ರೇ ಗಿಳಿಗಳ ಸಂಖ್ಯೆ ಕುಸಿದ ಕಾರಣ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 2016ರ ಸಭೆಯಲ್ಲಿ ಅವುಗಳನ್ನು ಅತಿ ಕಠಿಣ ರಕ್ಷಣೆಯ ಮೊದಲ ಪಟ್ಟಿಗೆ ಸೇರಿಸಿತು. ಮಾರುವವರು ಹಕ್ಕಿ ಎಲ್ಲಿ ಹುಟ್ಟಿತೆಂಬ ದಾಖಲೆ ಕೊಡದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬೇಡಿ. ನಿಮಗೆ ಉಬ್ಬಸದ ತೊಂದರೆ ಇದ್ದರೆ ನಿಮ್ಮ ವೈದ್ಯರನ್ನು ಮೊದಲು ಕೇಳಿ, ಏಕೆಂದರೆ ಗ್ರೇ, ಕಾಕಟೂ ಮತ್ತು ಕಾಕಟೀಲ್‌ಗಳ ಮೈಯಿಂದ ಬಿಳಿಯ ಪುಡಿ ಸದಾ ಉದುರುತ್ತಿರುತ್ತದೆ. ಮನೆಗೆ ತಂದ ಮೊದಲ ವಾರದಲ್ಲೇ ಹಕ್ಕಿಯನ್ನು ವೈದ್ಯರಿಗೆ ತೋರಿಸಿ, ಗಿಳಿಗಳಿಂದ ಮನುಷ್ಯರಿಗೂ ಹರಡುವ ಸಿಟಕೋಸಿಸ್ ಸೋಂಕಿನ ಪರೀಕ್ಷೆ ಮಾಡಿಸಿಕೊಳ್ಳಿ.